ವಿಡಿಯೋ ನೋಡಿದರೆ ಅರ್ಥವಾಗುತ್ತದೆ, ಪ್ರಶ್ನೆ ಬಂದರೆ ಕೈಕೊಡುತ್ತದೆ: ಸಿಸಿಎನ್‌ಎಗೆ ತಯಾರಿ ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಓದಿದ್ದು ಕಂಪ್ಯೂಟರ್ ವಿಷಯ ಅಲ್ಲ. ನೆಟ್‌ವರ್ಕಿಂಗ್ ಕೆಲಸಕ್ಕೆ ಸೇರಬೇಕು ಅಂತ ನಾಲ್ಕು ತಿಂಗಳಿಂದ ಸಿಸ್ಕೋ ಕಂಪನಿಯ ಸಿಸಿಎನ್‌ಎ ಪರೀಕ್ಷೆಗೆ ಓದುತ್ತಿದ್ದೇನೆ. ಒಂದು ವಿಡಿಯೋ ಕೋರ್ಸ್ ಪೂರ್ತಿ ಮುಗಿಸಿದೆ. ನೋಡುವಾಗ ಎಲ್ಲ ಅರ್ಥವಾಗುತ್ತದೆ, ಮಾದರಿ ಪರೀಕ್ಷೆ ಬರೆದರೆ ಅರ್ಧಕ್ಕಿಂತ ಜಾಸ್ತಿ ಅಂಕ ಬರುವುದೇ ಇಲ್ಲ. ಸಬ್‌ನೆಟ್ಟಿಂಗ್ (ಒಂದು ನೆಟ್‌ವರ್ಕನ್ನು ಚಿಕ್ಕ ಚಿಕ್ಕದಾಗಿ ಹಂಚುವ ಲೆಕ್ಕ) ಅಂದರೆ ಭಯ. ಮೊದಲು ನೆಟ್‌ವರ್ಕ್ ಪ್ಲಸ್ ಬರೆದು ಆಮೇಲೆ ಸಿಸಿಎನ್‌ಎಗೆ ಹೋಗಲಾ? ನಿಜವಾದ ರೂಟರ್, ಸ್ವಿಚ್ ಕೊಳ್ಳಬೇಕಾ? ಗೆಳೆಯರೊಬ್ಬರು ಡಂಪ್ಸ್ (ಸೋರಿಕೆಯಾದ ಪರೀಕ್ಷೆಯ ಪ್ರಶ್ನೆ-ಉತ್ತರಗಳು) ಓದಿದರೆ ಸಾಕು ಅನ್ನುತ್ತಾರೆ. ಪರೀಕ್ಷೆಯ ದಿನ ಯಾವಾಗ ಬುಕ್ ಮಾಡಲಿ?

ಉತ್ತರ: ನಮಸ್ಕಾರ. ನಿಮ್ಮ ಪ್ರಶ್ನೆಯಲ್ಲಿರುವ ಒಂದು ಸಾಲಿನಿಂದಲೇ ಶುರು ಮಾಡುತ್ತೇನೆ. "ನೋಡುವಾಗ ಎಲ್ಲ ಅರ್ಥವಾಗುತ್ತದೆ" ಅಂದಿರಿ. ಅದು ನಿಜವೇ. ಬೇರೆಯವರು ಬೋರ್ಡಿನ ಮೇಲೆ ಲೆಕ್ಕ ಬಿಡಿಸುವಾಗ ಎಲ್ಲರಿಗೂ ಅರ್ಥವಾಗುತ್ತದೆ, ಅಲ್ವಾ? ಆದರೆ ಪರೀಕ್ಷೆ ಕೇಳುವುದು ಬೇರೆ. ಮುಂದೆ ಏನಾಗುತ್ತದೆ ಅಂತ ನೀವೇ ಮೊದಲು ಹೇಳಬೇಕು. ಈ ಪ್ಯಾಕೆಟ್ ಯಾವ ಕಡೆ ಹೋಗುತ್ತದೆ, ಈ ಪಿಂಗ್ (ಇನ್ನೊಂದು ಸಾಧನ ಸಿಗುತ್ತಿದೆಯೇ ಅಂತ ನೋಡುವ ಸಂದೇಶ) ಯಾಕೆ ಹೋಗುತ್ತಿಲ್ಲ, ಈ ಕಮಾಂಡ್ ಕೊಟ್ಟರೆ ಯಾವ ಪೋರ್ಟ್ ಮುಚ್ಚುತ್ತದೆ. ನಾಲ್ಕು ತಿಂಗಳಲ್ಲಿ ನೀವು ಕೇಳಿಸಿಕೊಂಡಿದ್ದು ಸಾಕಷ್ಟಿದೆ. ಊಹಿಸಿ ಹೇಳುವ ಅಭ್ಯಾಸ ಮಾತ್ರ ಇನ್ನೂ ಆಗಿಲ್ಲ. ಇನ್ನೊಂದು ವಿಡಿಯೋ ಕೋರ್ಸ್ ಹಾಕಿಕೊಂಡು ಕೂತರೆ ಇದು ಸರಿಹೋಗುವುದಿಲ್ಲ.

ಮೊದಲು ಯಾವ ಪರೀಕ್ಷೆ ಅನ್ನುವುದನ್ನು ಮುಗಿಸಿಬಿಡೋಣ. ಸಿಸಿಎನ್‌ಎ ಬರೆಯಲು ಮುಂಚೆ ಬೇರೆ ಯಾವ ಸರ್ಟಿಫಿಕೇಟೂ ಬೇಕಿಲ್ಲ. ಈಗಿನ ಪರೀಕ್ಷೆಯ ಸಂಖ್ಯೆ 200-301, ಸಮಯ 120 ನಿಮಿಷ, ಪಾಸಾದರೆ ಸರ್ಟಿಫಿಕೇಟ್ 3 ವರ್ಷ ಚಾಲ್ತಿಯಲ್ಲಿರುತ್ತದೆ. ಕಾಂಪ್‌ಟಿಯಾ ಸಂಸ್ಥೆಯ ನೆಟ್‌ವರ್ಕ್ ಪ್ಲಸ್ ಯಾವ ಒಂದು ಕಂಪನಿಯ ಸಾಧನಕ್ಕೂ ಕಟ್ಟಿಬಿದ್ದಿಲ್ಲ. 90 ನಿಮಿಷದಲ್ಲಿ ಹೆಚ್ಚೆಂದರೆ 90 ಪ್ರಶ್ನೆ, ಪಾಸಾಗಲು 100ರಿಂದ 900ರ ಅಳತೆಯಲ್ಲಿ 720 ಬೇಕು. ಅದರಲ್ಲಿ ಹರವು ಜಾಸ್ತಿ, ಆಳ ಕಡಿಮೆ. ಸಿಸಿಎನ್‌ಎಯಲ್ಲಿ ಕೈಯಿಂದ ಕಾನ್ಫಿಗರ್ ಮಾಡಲು ಬರಲೇಬೇಕು. ಹೆಲ್ಪ್‌ಡೆಸ್ಕ್ ಕಡೆಗೋ ಸೆಕ್ಯುರಿಟಿ ಕಡೆಗೋ ಹೋಗುವವರಿಗೆ ನೆಟ್‌ವರ್ಕ್ ಪ್ಲಸ್ ಒಳ್ಳೆಯದು. ರೂಟರ್, ಸ್ವಿಚ್ ಜೊತೆ ಕೆಲಸ ಮಾಡಬೇಕು ಅನ್ನುವವರು ನೇರವಾಗಿ ಸಿಸಿಎನ್‌ಎ ಬರೆಯಬೇಕು. ನೀವು ನಾಲ್ಕು ತಿಂಗಳು ಸಿಸಿಎನ್‌ಎ ಓದಿದ್ದೀರಿ. ಈಗ ದಾರಿ ಬದಲಿಸಬೇಡಿ. ಎರಡನ್ನೂ ಬರೆಯುವ ದುಡ್ಡು ಮತ್ತು ಸಮಯ ಸುಮ್ನೆ ಹಾಳು.

ಒಂದು ಕೆಲಸ ಮಾತ್ರ ಇವತ್ತೇ ಮಾಡಿ. ಸಿಸ್ಕೋ ತಾನೇ ಕೊಡುವ ವಿಷಯಪಟ್ಟಿಯನ್ನು ಇಳಿಸಿಕೊಂಡು ಪ್ರಿಂಟ್ ತೆಗೆಯಿರಿ. ಜನ ಇದನ್ನು ಒಂದು ಸಲ ಕಣ್ಣಾಡಿಸಿ ಪಕ್ಕಕ್ಕಿಡುತ್ತಾರೆ. ಅದರಲ್ಲಿ ಪ್ರತಿ ಸಾಲಿನ ಕ್ರಿಯಾಪದ ನೋಡಬೇಕು. ಕೆಲವು ಕಡೆ "ವಿವರಿಸಿ" ಅಂತಿರುತ್ತದೆ, ಕೆಲವು ಕಡೆ "ಕಾನ್ಫಿಗರ್ ಮಾಡಿ, ಸರಿಯಿದೆಯೇ ಪರೀಕ್ಷಿಸಿ" ಅಂತಿರುತ್ತದೆ. ವಿವರಿಸಿ ಅಂದಲ್ಲಿ ಓದಿ ಅರ್ಥ ಮಾಡಿಕೊಂಡರೆ ಸಾಕು. ಕಾನ್ಫಿಗರ್ ಅಂದಲ್ಲಿ ಪುಸ್ತಕ ಮುಚ್ಚಿ, ಖಾಲಿ ರೂಟರಿನಲ್ಲಿ ಮೊದಲಿಂದ ಮಾಡಲು ಬರಬೇಕು. ಎರಡು ಬಣ್ಣದ ಪೆನ್ನಿನಲ್ಲಿ ಗುರುತು ಮಾಡಿಕೊಳ್ಳಿ. ಉದಾಹರಣೆಗೆ ವಿಎಲ್ಎಎನ್ (ಒಂದೇ ಸ್ವಿಚ್ಚಿನೊಳಗೆ ಬೇರೆ ಬೇರೆ ನೆಟ್‌ವರ್ಕ್), ಟ್ರಂಕ್ (ಹಲವು ವಿಎಲ್ಎಎನ್ ಒಟ್ಟಿಗೆ ಹೋಗುವ ಕೊಂಡಿ), ಈಥರ್‌ಚಾನೆಲ್ (ಹಲವು ಕೊಂಡಿಗಳನ್ನು ಒಂದಾಗಿ ಬಳಸುವುದು), ಸ್ಟ್ಯಾಟಿಕ್ ರೂಟ್ (ಕೈಯಿಂದ ಕೊಡುವ ದಾರಿ), ಒಂದೇ ಏರಿಯಾದ ಓಎಸ್‌ಪಿಎಫ್ (ರೂಟರ್‌ಗಳು ತಾವೇ ದಾರಿ ಹಂಚಿಕೊಳ್ಳುವ ಪ್ರೋಟೋಕಾಲ್), ನ್ಯಾಟ್ (ವಿಳಾಸ ಬದಲಿಸಿ ಹೊರಗೆ ಕಳಿಸುವುದು), ಎಸಿಎಲ್ (ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನುವ ಪಟ್ಟಿ), ಪೋರ್ಟ್ ಸೆಕ್ಯುರಿಟಿ ಇವೆಲ್ಲ ಕೈಯಿಂದ ಮಾಡುವ ಸಾಲುಗಳು. ಇನ್ನೊಂದು ಲಾಭವೂ ಇದೆ. 2020ರ ಫೆಬ್ರವರಿಯಲ್ಲಿ ಸಿಸ್ಕೋ ಹಳೆಯ ಹಲವು ಸಿಸಿಎನ್‌ಎಗಳನ್ನು ತೆಗೆದು ಇದೊಂದನ್ನೇ ಇಟ್ಟಿತು. ಹಳೆಯ ಕೋರ್ಸುಗಳಲ್ಲಿ ಇಐಜಿಆರ್‌ಪಿ ಅನ್ನುವ ಇನ್ನೊಂದು ರೂಟಿಂಗ್ ಪ್ರೋಟೋಕಾಲಿನ ಕಾನ್ಫಿಗರೇಶನ್‌ಗೆ ಗಂಟೆಗಟ್ಟಲೆ ಸಮಯ ಹೋಗುತ್ತದೆ. ಈಗಿನ ಪಟ್ಟಿಯಲ್ಲಿ ಅದು ಇಲ್ಲ. ಪಟ್ಟಿ ಕೈಯಲ್ಲಿದ್ದರೆ ಇಂಥ ಸುತ್ತು ತಪ್ಪುತ್ತದೆ.

ಅಂಕಗಳ ತೂಕವೂ ಅಲ್ಲೇ ಇದೆ. ನೆಟ್‌ವರ್ಕ್ ಮೂಲಪಾಠಕ್ಕೆ 20 ಶೇಕಡಾ, ಸ್ವಿಚಿಂಗ್ ಮತ್ತು ವೈರ್‌ಲೆಸ್ ಸೇರಿದ ನೆಟ್‌ವರ್ಕ್ ಆಕ್ಸೆಸ್‌ಗೆ 20, ರೂಟಿಂಗ್‌ಗೆ 25, ನ್ಯಾಟ್, ಡಿಎಚ್‌ಸಿಪಿ (ಸಾಧನಗಳಿಗೆ ತಾನಾಗಿ ವಿಳಾಸ ಹಂಚುವುದು) ತರಹದ ಸೇವೆಗಳಿಗೆ 10, ಸೆಕ್ಯುರಿಟಿಗೆ 15, ಆಟೋಮೇಶನ್‌ಗೆ 10. ಮೊದಲ ಮೂರು ಸೇರಿದರೆ 65. ಈ ಮೂರೂ ನಿಂತಿರುವುದು ಎರಡೇ ವಿಷಯದ ಮೇಲೆ: ಸಬ್‌ನೆಟ್ಟಿಂಗ್ ಮತ್ತು ಪ್ಯಾಕೆಟ್ಟಿನ ನಡೆ. ನಿಮ್ಮ ಅಂಕ ನಿಂತಿರುವುದು ಇಲ್ಲೇ ಅಂತ ನನ್ನ ಅಂದಾಜು. ಅದಕ್ಕೇ ಇವೆರಡನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಬ್‌ನೆಟ್ಟಿಂಗ್ ಭಯಕ್ಕೆ ಹೆಚ್ಚಾಗಿ ಕಾರಣ, ಪ್ರತಿ ಸಲ ಬೈನರಿಗೆ ಇಳಿಯುವುದು. ಬೈನರಿ ಒಂದು ಸಲ ಚೆನ್ನಾಗಿ ಅರ್ಥ ಮಾಡಿಕೊಳ್ಳಿ. ಆಮೇಲೆ ಪರೀಕ್ಷೆಯಲ್ಲಿ ಬ್ಲಾಕ್ ಸೈಜ್ ಲೆಕ್ಕವೇ ಸಾಕು. 192.168.10.77/26 ತೆಗೆದುಕೊಳ್ಳಿ. /26 ಅಂದರೆ ಮಾಸ್ಕ್ (ವಿಳಾಸದಲ್ಲಿ ನೆಟ್‌ವರ್ಕಿನ ಭಾಗ ಎಷ್ಟು ಅಂತ ತೋರಿಸುವ ಸಂಖ್ಯೆ) 255.255.255.192. 256ರಲ್ಲಿ 192 ಕಳೆದರೆ 64. ಅಂದರೆ ಕೊನೆಯ ಭಾಗದಲ್ಲಿ ನೆಟ್‌ವರ್ಕುಗಳು 0, 64, 128, 192ಕ್ಕೆ ಶುರುವಾಗುತ್ತವೆ. 77 ಎಲ್ಲಿ ಬಿತ್ತು? 64 ಮತ್ತು 128ರ ನಡುವೆ. ಹಾಗಾದರೆ ನೆಟ್‌ವರ್ಕ್ ವಿಳಾಸ 192.168.10.64. ಮುಂದಿನದು 128, ಅದಕ್ಕೆ ಒಂದು ಕಡಿಮೆ 127, ಅದೇ ಬ್ರಾಡ್‌ಕಾಸ್ಟ್ (ಆ ನೆಟ್‌ವರ್ಕಿನ ಎಲ್ಲರಿಗೂ ಹೋಗುವ ವಿಳಾಸ). ನಡುವಿನ 65ರಿಂದ 126ರವರೆಗೆ ಸಾಧನಗಳಿಗೆ ಕೊಡಬಹುದು, ಒಟ್ಟು 62.

ಈಗ ಒಂದು ಮೆಟ್ಟಿಲು ಮೇಲೆ. 172.16.37.200/20. ಮಾಸ್ಕ್ 255.255.240.0. ಲೆಕ್ಕ ನಡೆಯುವುದು ಮೂರನೇ ಭಾಗದಲ್ಲಿ. 256ರಲ್ಲಿ 240 ಕಳೆದರೆ 16. 0, 16, 32, 48. 37 ಇರುವುದು 32ರ ಬ್ಲಾಕಿನಲ್ಲಿ. ನೆಟ್‌ವರ್ಕ್ 172.16.32.0, ಬ್ರಾಡ್‌ಕಾಸ್ಟ್ 172.16.47.255. ಕೊನೆಯ 200ಕ್ಕೆ ಇಲ್ಲಿ ಯಾವ ಪಾತ್ರವೂ ಇಲ್ಲ. ಪರೀಕ್ಷೆಯಲ್ಲಿ ಕಾಲು ಜಾರುವ ಜಾಗ ಇಲ್ಲಿದೆ: ಈ ನೆಟ್‌ವರ್ಕಿನಲ್ಲಿ 172.16.40.255 ಅನ್ನುವ ವಿಳಾಸವನ್ನು ಒಂದು ಪಿಸಿಗೆ ಕೊಡಬಹುದಾ? ಕೊಡಬಹುದು. 255 ನೋಡಿದ ಕೂಡಲೇ ಬ್ರಾಡ್‌ಕಾಸ್ಟ್ ಅಂತ ಬಹಳ ಜನ ಹೊಡೆದುಹಾಕುತ್ತಾರೆ. ಹಾಗೆಯೇ 192.168.10.128/26 ನೋಡಲು ಸಾಧಾರಣ ವಿಳಾಸದ ಹಾಗೆ ಕಂಡರೂ ಅದು ನೆಟ್‌ವರ್ಕ್ ವಿಳಾಸ, ಯಾವ ಪಿಸಿಗೂ ಕೊಡಲಾಗದು. ವಿಳಾಸ ನೋಡಿ ತೀರ್ಮಾನ ಮಾಡಬೇಡಿ, ಮಾಸ್ಕ್ ಹಾಕಿ ನೋಡಿ.

ದಿನಕ್ಕೆ ಕಾಲು ಗಂಟೆ ಇದಕ್ಕೇ ಇಡಿ. ವಾರಕ್ಕೊಮ್ಮೆ ಎರಡು ಗಂಟೆ ಕೂರುವುದಕ್ಕಿಂತ ಇದು ಎಷ್ಟೋ ಮೇಲು. ಎಂಟು ಮಾಸ್ಕ್ ಅಂಕಿಗಳು, 128, 192, 224, 240, 248, 252, 254, 255, ಮತ್ತು ಅವುಗಳ ಬ್ಲಾಕ್ ಸೈಜ್ 128, 64, 32, 16, 8, 4, 2, 1 ನಾಲಿಗೆಯ ಮೇಲಿರಬೇಕು. ಒಂದು ಪ್ರಶ್ನೆಗೆ ಅರ್ಧ ನಿಮಿಷದೊಳಗೆ ಉತ್ತರ ಬರುವವರೆಗೆ ಬಿಡಬೇಡಿ. ಸಬ್‌ನೆಟ್ಟಿಂಗ್ ಅಂತ ಹೆಸರು ಹೇಳಿ ಕೇಳುವ ಪ್ರಶ್ನೆಗಳಿಗಷ್ಟೇ ಈ ವೇಗ ಬೇಕು ಅಂದುಕೊಳ್ಳಬೇಡಿ. ರೂಟಿಂಗ್ ಪ್ರಶ್ನೆಯೊಳಗೆ, ಎಸಿಎಲ್ ಪ್ರಶ್ನೆಯೊಳಗೆ, "ಈ ಎರಡು ರೂಟರ್ ಯಾಕೆ ನೆರೆಯವರಾಗುತ್ತಿಲ್ಲ" ಅನ್ನುವ ಪ್ರಶ್ನೆಯೊಳಗೆ ಇದೇ ಲೆಕ್ಕ ಅಡಗಿರುತ್ತದೆ.

ಇನ್ನು ಪ್ಯಾಕೆಟ್ಟಿನ ನಡೆ. ನನ್ನ ಪ್ರಕಾರ ಇಡೀ ಸಿಸಿಎನ್‌ಎಯ ಜೀವ ಇದೇ. ಒಂದು ರೂಟರ್, ಅದರ ಎರಡು ಕಡೆ ಒಂದೊಂದು ಪಿಸಿ ಬರೆದುಕೊಳ್ಳಿ. ಎಡಗಡೆಯ ಪಿಸಿ 192.168.10.77/26, ಅದರ ಗೇಟ್‌ವೇ (ಹೊರಗೆ ಹೋಗಲು ಬಳಸುವ ರೂಟರಿನ ವಿಳಾಸ) 192.168.10.65. ಬಲಗಡೆಯದು 192.168.10.140/26, ಗೇಟ್‌ವೇ 192.168.10.129. ಎಡಗಡೆಯಿಂದ ಬಲಗಡೆಗೆ ಪಿಂಗ್ ಮಾಡಿದರೆ ಏನೇನಾಗುತ್ತದೆ?

ಎಡಗಡೆಯ ಪಿಸಿ ಮೊದಲು ತನ್ನ ಮಾಸ್ಕ್ ಹಾಕಿ ನೋಡುತ್ತದೆ. ನನ್ನ ಬ್ಲಾಕ್ 64ರಿಂದ 127. 140 ಅದರೊಳಗಿಲ್ಲ. ಹಾಗಾದರೆ ಗೇಟ್‌ವೇಗೆ ಕೊಡಬೇಕು. ಗೇಟ್‌ವೇಯ ಮ್ಯಾಕ್ ವಿಳಾಸ, ಅಂದರೆ ಅದರ ಹಾರ್ಡ್‌ವೇರ್ ವಿಳಾಸ, ಗೊತ್ತಿಲ್ಲ. ಎಆರ್‌ಪಿ (ಐಪಿ ವಿಳಾಸದಿಂದ ಮ್ಯಾಕ್ ಹುಡುಕುವ ಪ್ರೋಟೋಕಾಲ್) ಮೂಲಕ "65 ಯಾರದ್ದು?" ಅಂತ ಎಲ್ಲರನ್ನೂ ಕೇಳುತ್ತದೆ. ರೂಟರ್ ಉತ್ತರ ಕೊಡುತ್ತದೆ. ಈಗ ಫ್ರೇಮ್ ಹೊರಡುತ್ತದೆ. ಅದರ ಮೇಲೆ ತಲುಪಬೇಕಾದ ಐಪಿ ವಿಳಾಸ 140ರದ್ದು, ತಲುಪಬೇಕಾದ ಮ್ಯಾಕ್ ಮಾತ್ರ ರೂಟರಿನದ್ದು. ರೂಟರ್ ಆ ಫ್ರೇಮನ್ನು ಬಿಚ್ಚಿ, ರೂಟಿಂಗ್ ಟೇಬಲ್ ನೋಡಿ, ಟಿಟಿಎಲ್ (ಇನ್ನೆಷ್ಟು ರೂಟರ್ ದಾಟಬಹುದು ಅನ್ನುವ ಎಣಿಕೆ) ಒಂದು ಕಡಿಮೆ ಮಾಡಿ, ಬಲಗಡೆ ಮತ್ತೆ ಎಆರ್‌ಪಿ ಕೇಳಿ, ಹೊಸ ಫ್ರೇಮ್ ಕಟ್ಟಿ ಕಳಿಸುತ್ತದೆ. ಐಪಿ ವಿಳಾಸಗಳು ಎರಡೂ ಕಡೆ ಅವೇ. ಮ್ಯಾಕ್ ವಿಳಾಸಗಳು ಎರಡೂ ಬದಲಾದವು.

ಇಷ್ಟನ್ನು ಯಾರನ್ನೂ ಕೇಳದೆ, ಏನನ್ನೂ ನೋಡದೆ ಒಂದು ಹಾಳೆಯಲ್ಲಿ ಬರೆಯಲು ನಿಮಗೆ ಬರುತ್ತದಾ? ಪ್ರಾಮಾಣಿಕವಾಗಿ ಪ್ರಯತ್ನಿಸಿ ನೋಡಿ. ಬಂದರೆ, ರೂಟರಿನಿಂದ ಪಿಂಗ್ ಮಾಡಿದಾಗ ಮೊದಲು ಒಂದು ಚುಕ್ಕೆ, ಆಮೇಲೆ ನಾಲ್ಕು ಆಶ್ಚರ್ಯಸೂಚಕ ಬರುವುದು ಯಾಕೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಮೊದಲ ಪ್ಯಾಕೆಟ್ ಎಆರ್‌ಪಿ ಉತ್ತರಕ್ಕೆ ಕಾಯುವಷ್ಟರಲ್ಲಿ ಬಿದ್ದುಹೋಗುತ್ತದೆ, ಅಷ್ಟೇ.

ಈಗ ಇದೇ ಚಿತ್ರದಲ್ಲಿ ಒಂದು ತಪ್ಪು ಸೇರಿಸಿ. ಎಡಗಡೆಯ ಪಿಸಿಗೆ /26 ಬದಲು /24 ಮಾಸ್ಕ್ ಕೊಡಿ. ಈಗ ಆ ಪಿಸಿಯ ಕಣ್ಣಿಗೆ 140 ತನ್ನದೇ ನೆಟ್‌ವರ್ಕಿನಲ್ಲಿದೆ. ಗೇಟ್‌ವೇಯನ್ನು ಕೇಳುವುದೇ ಇಲ್ಲ, ನೇರವಾಗಿ 140ರ ಮ್ಯಾಕ್ ಬೇಕು ಅಂತ ಕೂಗುತ್ತದೆ. ಆ ಕೂಗು ರೂಟರ್ ದಾಟಿ ಹೋಗುವುದಿಲ್ಲ. ಹಾಗಾದರೆ ಪಿಂಗ್ ಸೋಲಬೇಕು, ಅಲ್ವಾ? ಸಿಸ್ಕೋ ರೂಟರಿನಲ್ಲಿ ಸೋಲದೆಯೂ ಇರಬಹುದು. ಪ್ರಾಕ್ಸಿ ಎಆರ್‌ಪಿ ಅನ್ನುವುದು ಅದರಲ್ಲಿ ಮೊದಲಿಂದಲೇ ಆನ್ ಇರುತ್ತದೆ. 140ಕ್ಕೆ ದಾರಿ ತನಗೆ ಗೊತ್ತಿದ್ದರೆ, ರೂಟರ್ ತನ್ನ ಮ್ಯಾಕ್ ಕೊಟ್ಟು ಉತ್ತರಿಸುತ್ತದೆ. ಮಾಸ್ಕ್ ತಪ್ಪಿದ್ದರೂ ಪಿಂಗ್ ಹೋಗುತ್ತದೆ. ಅದನ್ನು ಆಫ್ ಮಾಡಿದ ದಿನ ತಪ್ಪು ಹೊರಗೆ ಬರುತ್ತದೆ. ಕೆಲಸದಲ್ಲಿ ಇಂಥದ್ದೇ ಬರುತ್ತದೆ: ನಿನ್ನೆಯವರೆಗೆ ನಡೆಯುತ್ತಿತ್ತು, ಇವತ್ತು ನಿಂತಿತು. ದಾರಿ ತಿಳಿದವರಿಗೆ ಎಲ್ಲಿ ಹುಡುಕಬೇಕು ಅಂತ ಗೊತ್ತಿರುತ್ತದೆ.

ರೂಟಿಂಗ್ ಟೇಬಲ್ ವಿಷಯದಲ್ಲಿ ಒಂದೇ ಒಂದು ಪ್ರಶ್ನೆ ಕೊಡುತ್ತೇನೆ. ರೂಟರಿಗೆ ಮೂರು ದಾರಿ ಗೊತ್ತಿದೆ. 10.1.1.0/24 ಅನ್ನು ಆರ್‌ಐಪಿ ಅನ್ನುವ ರೂಟಿಂಗ್ ಪ್ರೋಟೋಕಾಲ್ ಹೇಳಿದೆ. 10.1.0.0/16 ಅನ್ನು ಓಎಸ್‌ಪಿಎಫ್ ಹೇಳಿದೆ. 0.0.0.0/0 ಅನ್ನು ನೀವೇ ಸ್ಟ್ಯಾಟಿಕ್ ಆಗಿ ಕೊಟ್ಟಿದ್ದೀರಿ. ಈಗ 10.1.1.9ಕ್ಕೆ ಪ್ಯಾಕೆಟ್ ಬಂತು. ಯಾವ ದಾರಿ? ಸ್ಟ್ಯಾಟಿಕ್ ರೂಟಿನ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ 1, ಓಎಸ್‌ಪಿಎಫ್‌ನದ್ದು 110, ಆರ್‌ಐಪಿಯದ್ದು 120 ಅಂತ ಬಾಯಿಪಾಠ ಮಾಡಿದವರು ಸ್ಟ್ಯಾಟಿಕ್ ಅನ್ನುತ್ತಾರೆ. ಸರಿಯಾದ ಉತ್ತರ ಆರ್‌ಐಪಿ ಹೇಳಿದ /24. ಪ್ಯಾಕೆಟ್ ಬಂದಾಗ ರೂಟರ್ ನೋಡುವುದು ಎಷ್ಟು ಉದ್ದದ ಪ್ರಿಫಿಕ್ಸ್ ಹೊಂದಿತು ಅನ್ನುವುದನ್ನು ಮಾತ್ರ. ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ ಕೆಲಸಕ್ಕೆ ಬರುವುದು ಅದಕ್ಕೂ ಮುಂಚೆ, ಅದೇ ನೆಟ್‌ವರ್ಕನ್ನು ಅದೇ ಮಾಸ್ಕಿನ ಜೊತೆ ಇಬ್ಬರು ಬೇರೆ ಬೇರೆ ಹೇಳಿದಾಗ, ಯಾರ ಮಾತನ್ನು ಟೇಬಲ್ಲಿಗೆ ಸೇರಿಸಬೇಕು ಅನ್ನುವುದಕ್ಕೆ. ಒಂದೇ ಪ್ರೋಟೋಕಾಲ್ ಎರಡು ದಾರಿ ಹೇಳಿದರೆ ಮೆಟ್ರಿಕ್, ಅಂದರೆ ದಾರಿಯ ಖರ್ಚು, ನೋಡುತ್ತದೆ. ಈ ಮೂರರ ಸರದಿ ತಲೆಯಲ್ಲಿ ಸರಿಯಾಗಿ ಕೂತರೆ ರೂಟಿಂಗ್ ಭಾಗದ ಎಷ್ಟೋ ಪ್ರಶ್ನೆಗಳು ತಾವಾಗಿಯೇ ಬಿಡುತ್ತವೆ. "ಶೋ ಐಪಿ ರೂಟ್" ಕೊಟ್ಟಾಗ ಕಾಣುವ [110/3] ತರಹದ ಜೋಡಿಯಲ್ಲಿ ಮೊದಲನೆಯದು ಡಿಸ್ಟೆನ್ಸ್, ಎರಡನೆಯದು ಮೆಟ್ರಿಕ್.

ಈಗ ಲ್ಯಾಬ್. ನಿಜವಾದ ರೂಟರ್ ಕೊಳ್ಳಬೇಡಿ. ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದರೆ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ಸಿಗುತ್ತದೆ. ಈ ಪರೀಕ್ಷೆಗೆ ಅದು ಹೆಚ್ಚುಕಡಿಮೆ ಸಾಕು. ಅದು ನಿಜವಾದ ಸಾಧನದ ನಕಲು ಮಾತ್ರ, ಎಲ್ಲ ಕಮಾಂಡೂ ಅದರಲ್ಲಿ ನಡೆಯುವುದಿಲ್ಲ. ಆದರೂ ಅದರ ಸಿಮ್ಯುಲೇಶನ್ ಮೋಡ್ ಬಹಳ ಒಳ್ಳೆಯದು. ಪ್ಯಾಕೆಟ್ಟನ್ನು ಒಂದೊಂದು ಹೆಜ್ಜೆ ನಡೆಸಿ, ಪ್ರತಿ ಸಾಧನದಲ್ಲೂ ಒಳಗೆ ಬಂದಾಗ ಮ್ಯಾಕ್ ಏನಿತ್ತು, ಹೊರಗೆ ಹೋದಾಗ ಏನಾಯಿತು ಅಂತ ತೆರೆದು ನೋಡಬಹುದು. ನೀವು ಹಾಳೆಯಲ್ಲಿ ಬರೆದದ್ದು ಸರಿಯೇ ಅಂತ ತಾಳೆ ನೋಡಲು ಇದಕ್ಕಿಂತ ಬೇಕೇ? ನಿಮ್ಮದೇ ಕಂಪ್ಯೂಟರಿನಲ್ಲಿ ವೈರ್‌ಶಾರ್ಕ್ ಹಾಕಿಕೊಂಡು ನಿಜವಾದ ಎಆರ್‌ಪಿ, ನಿಜವಾದ ಡಿಎಚ್‌ಸಿಪಿ ಸಂಭಾಷಣೆಯನ್ನೂ ಒಮ್ಮೆ ನೋಡಿ. ಅದೂ ಉಚಿತ.

ಲ್ಯಾಬ್ ಮಾಡುವ ರೀತಿ ಮಾತ್ರ ಬದಲಾಗಬೇಕು. ವಿಡಿಯೋದಲ್ಲಿ ಹೇಳಿದ ಹಾಗೇ ಟೈಪ್ ಮಾಡಿ, ಪಿಂಗ್ ಹೋಯಿತು ಅಂತ ಮುಚ್ಚಿಡುವುದು ಅರ್ಧ ಕೆಲಸ. ಪಿಂಗ್ ಹೋದ ಮೇಲೆ ನಿಜವಾದ ಅಭ್ಯಾಸ ಶುರು. ಈಗ ಕೆಡಿಸಿ. ಎರಡು ಸ್ವಿಚ್, ಒಂದು ರೂಟರ್, ವಿಎಲ್ಎಎನ್ 10 ಮತ್ತು 20 ಇರುವ ಲ್ಯಾಬ್ ಕಟ್ಟಿದ್ದೀರಿ ಅಂದುಕೊಳ್ಳಿ. ಎಲ್ಲ ನಡೆಯುತ್ತಿದೆ. ಟ್ರಂಕ್ ಮೇಲೆ 10, 20 ಮಾತ್ರ ಹೋಗಲಿ ಅಂತ ಬಿಟ್ಟಿದ್ದೀರಿ. ಈಗ ಹೊಸ ವಿಎಲ್ಎಎನ್ 30 ಸೇರಿಸಬೇಕು. "ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಎಲ್ಎಎನ್ 30" ಅಂತ ಕೊಟ್ಟು ನೋಡಿ. ಕೊಡುವ ಮುಂಚೆ ಏನಾಗುತ್ತದೆ ಅಂತ ಹಾಳೆಯಲ್ಲಿ ಬರೆದಿಡಿ. 30 ಸೇರುತ್ತದೆ ಅಂತ ಬರೆದಿದ್ದರೆ ಬೆಚ್ಚಿಬೀಳುತ್ತೀರಿ. ಹಳೆಯ ಪಟ್ಟಿ ಅಳಿಸಿ 30 ಒಂದೇ ಉಳಿಯುತ್ತದೆ, 10 ಮತ್ತು 20 ಎರಡೂ ನಿಲ್ಲುತ್ತವೆ. ನಡುವೆ "ಆಡ್" ಅನ್ನುವ ಪದ ಬೇಕಿತ್ತು. ಒಂದು ಪದ ಬಿಟ್ಟದ್ದಕ್ಕೆ ಇಡೀ ಕಚೇರಿಯ ನೆಟ್‌ವರ್ಕ್ ನಿಂತ ಉದಾಹರಣೆಗಳು ಈ ಕೆಲಸದಲ್ಲಿ ಇರುವ ಎಲ್ಲರಿಗೂ ಗೊತ್ತು. ಲ್ಯಾಬಿನಲ್ಲಿ ನಿಮ್ಮ ಕೈಯಿಂದಲೇ ಒಮ್ಮೆ ಆದರೆ ಜನ್ಮದಲ್ಲಿ ಮರೆಯುವುದಿಲ್ಲ.

ಹೀಗೆ ಒಂದೊಂದನ್ನೇ ಕೆಡಿಸುತ್ತಾ ಹೋಗಿ. ಒಂದು ಸ್ವಿಚ್ಚಿನ ನೇಟಿವ್ ವಿಎಲ್ಎಎನ್ ಬದಲಿಸಿ, ಸಿಡಿಪಿ (ಪಕ್ಕದ ಸಿಸ್ಕೋ ಸಾಧನವನ್ನು ಗುರುತಿಸುವ ಪ್ರೋಟೋಕಾಲ್) ಏನು ದೂರು ಹೇಳುತ್ತದೆ ನೋಡಿ. ಪಿಸಿಯ ಗೇಟ್‌ವೇ ತಪ್ಪಿಸಿ. ರೂಟರಿನ ಸಬ್‌ಇಂಟರ್‌ಫೇಸಿನಲ್ಲಿ ತಪ್ಪು ವಿಎಲ್ಎಎನ್ ಸಂಖ್ಯೆ ಕೊಡಿ. ಪ್ರತಿ ಸಲ ಯಾವುದು ನಡೆಯುತ್ತದೆ, ಯಾವುದು ನಿಲ್ಲುತ್ತದೆ ಅಂತ ಮೊದಲು ಬರೆದು ಆಮೇಲೆ ನೋಡಿ. ಸ್ವಲ್ಪ ದಿನದಲ್ಲಿ ಒಂದು ಕ್ರಮ ತಾನಾಗಿ ಬರುತ್ತದೆ. ಒಂದೇ ಸ್ವಿಚ್ಚಿನ ಮೇಲಿರುವ ಅದೇ ವಿಎಲ್ಎಎನ್ ಪಿಸಿಗಳು ಮಾತಾಡುತ್ತವೆ, ಪಕ್ಕದ ಸ್ವಿಚ್ಚಿನ ಪಿಸಿ ಸಿಗುತ್ತಿಲ್ಲ ಅಂದರೆ ಮೊದಲು ಟ್ರಂಕ್ ನೋಡಬೇಕು. ಅದೇ ವಿಎಲ್ಎಎನ್ ಎಲ್ಲ ಕಡೆ ಸರಿಯಿದೆ, ಇನ್ನೊಂದು ವಿಎಲ್ಎಎನ್ ಸಿಗುತ್ತಿಲ್ಲ ಅಂದರೆ ಗೇಟ್‌ವೇ ಮತ್ತು ರೂಟರ್. ಪಿಸಿಗೆ 169.254ರಿಂದ ಶುರುವಾಗುವ ವಿಳಾಸ ಬಂದಿದೆ ಅಂದರೆ ಡಿಎಚ್‌ಸಿಪಿ ಸರ್ವರ್ ಉತ್ತರ ಕೊಟ್ಟಿಲ್ಲ. ಸರ್ವರ್ ಬೇರೆ ನೆಟ್‌ವರ್ಕಿನಲ್ಲಿದ್ದರೆ ಪಿಸಿ ಇರುವ ಕಡೆಯ ಇಂಟರ್‌ಫೇಸಿನಲ್ಲಿ "ಐಪಿ ಹೆಲ್ಪರ್ ಅಡ್ರೆಸ್" ಇದೆಯೇ ನೋಡಬೇಕು.

ಓಎಸ್‌ಪಿಎಫ್‌ಗೂ ಇದೇ ಮದ್ದು. ಎರಡು ರೂಟರ್ ನೆರೆಯವರಾದ ಮೇಲೆ ಒಂದರ ಹಲೋ ಟೈಮರ್ ಬದಲಿಸಿ. ಈಥರ್ನೆಟ್ ಮೇಲೆ ಮೊದಲಿಂದ ಇರುವುದು ಹಲೋ 10 ಸೆಕೆಂಡ್, ಡೆಡ್ 40 ಸೆಕೆಂಡ್. ಎರಡೂ ಕಡೆ ಒಂದೇ ಇಲ್ಲದಿದ್ದರೆ ನೆರೆತನ ಮುರಿಯುತ್ತದೆ. ಏರಿಯಾ ಬದಲಿಸಿ, ಮಾಸ್ಕ್ ಬದಲಿಸಿ, ಎರಡಕ್ಕೂ ಒಂದೇ ರೂಟರ್ ಐಡಿ ಕೊಟ್ಟು ನೋಡಿ. ಕಾಸ್ಟ್ (ಓಎಸ್‌ಪಿಎಫ್‌ನ ಮೆಟ್ರಿಕ್) ಲೆಕ್ಕವನ್ನೂ ಬಿಡಬೇಡಿ. ಮೊದಲಿಂದ ಇರುವ ಆಧಾರ ವೇಗ 100 ಎಂಬಿಪಿಎಸ್. ಅದರಿಂದಾಗಿ ಫಾಸ್ಟ್ ಈಥರ್ನೆಟ್‌ಗೂ ಗಿಗಾಬಿಟ್‌ಗೂ ಕಾಸ್ಟ್ 1 ಬರುತ್ತದೆ. ಹತ್ತು ಪಟ್ಟು ವೇಗದ ದಾರಿ ಇದ್ದರೂ ಓಎಸ್‌ಪಿಎಫ್‌ಗೆ ವ್ಯತ್ಯಾಸ ಕಾಣುವುದಿಲ್ಲ. ಎಲ್ಲ ರೂಟರ್‌ಗಳಲ್ಲೂ ಆಧಾರ ವೇಗ ಏರಿಸಬೇಕು.

ಸ್ವಿಚ್‌ಗಳ ನಡುವೆ ಸುತ್ತು ಆಗದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀ ಬಹಳ ಜನರಿಗೆ ಕಷ್ಟ. ಮೂರು ಸ್ವಿಚ್ ತ್ರಿಕೋನ ಮಾಡಿ, ಯಾವುದು ರೂಟ್, ಯಾವ ಪೋರ್ಟ್ ಮುಚ್ಚುತ್ತದೆ ಅಂತ ಹಾಳೆಯಲ್ಲಿ ಬರೆದು ತಾಳೆ ನೋಡಿ. ಎಲ್ಲದರ ಪ್ರಯಾರಿಟಿಯೂ 32768 ಇದ್ದಾಗ ಚಿಕ್ಕ ಮ್ಯಾಕ್ ಇರುವುದು ಗೆಲ್ಲುತ್ತದೆ. ಯಾವ ಸ್ವಿಚ್ ರೂಟ್ ಆಗಬೇಕು ಅಂತ ನೀವು ಹೇಳದಿದ್ದರೆ, ಮೂಲೆಯಲ್ಲಿರುವ ಯಾವುದೋ ಹಳೆಯ ಸ್ವಿಚ್ ಆ ಜಾಗಕ್ಕೆ ಬರಬಹುದು.

ಎಸಿಎಲ್ ಬಗ್ಗೆ ಎರಡೇ ಮಾತು. ಕೊನೆಯಲ್ಲಿ ಕಣ್ಣಿಗೆ ಕಾಣದ "ಎಲ್ಲವನ್ನೂ ತಡೆ" ಅನ್ನುವ ಸಾಲು ಇದ್ದೇ ಇರುತ್ತದೆ. 192.168.10.64 0.0.0.63 ಒಂದನ್ನೇ ತಡೆಯೋಣ ಅಂತ ಒಂದು ಡಿನೈ ಸಾಲು ಬರೆದು ಬಿಟ್ಟರೆ ಉಳಿದವರೂ ನಿಲ್ಲುತ್ತಾರೆ. ಎರಡನೆಯದು, ಸಾಲುಗಳನ್ನು ಮೇಲಿಂದ ಕೆಳಗೆ ಓದಲಾಗುತ್ತದೆ, ಮೊದಲು ಹೊಂದಿದ ಸಾಲೇ ಕೊನೆ ಮಾತು. ಐಪಿವಿ6ಗೂ ಹೆದರಬೇಡಿ. ಬ್ರಾಡ್‌ಕಾಸ್ಟ್ ಇಲ್ಲ, ಎಆರ್‌ಪಿ ಬದಲು ನೇಬರ್ ಡಿಸ್ಕವರಿ ಇದೆ, ಜೋಡಿ ಕೋಲನ್ ಒಂದು ವಿಳಾಸದಲ್ಲಿ ಒಂದೇ ಸಲ. ಇಷ್ಟರಿಂದ ಶುರು ಮಾಡಿ, ನಿಮ್ಮ ಐಪಿವಿ4 ಲ್ಯಾಬುಗಳಿಗೇ ಐಪಿವಿ6 ವಿಳಾಸ ಹಾಕುತ್ತಾ ಹೋಗಿ.

ಆಟೋಮೇಶನ್ ಭಾಗವನ್ನು "ನಾನು ಪ್ರೋಗ್ರಾಮರ್ ಅಲ್ಲ" ಅಂತ ಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ. ಇಲ್ಲಿ ಪ್ರೋಗ್ರಾಂ ಬರೆಯಲು ಕೇಳುವುದಿಲ್ಲ. ಜೇಸನ್ (ಮಾಹಿತಿಯನ್ನು ಬರೆದಿಡುವ ಒಂದು ರೂಪ) ತುಣುಕು ಕೊಟ್ಟರೆ ಅದರ ಭಾಗಗಳನ್ನು ಗುರುತಿಸಬೇಕು, ರೆಸ್ಟ್ ಎಪಿಐ (ಪ್ರೋಗ್ರಾಂಗಳು ಸಾಧನದ ಜೊತೆ ಮಾತಾಡುವ ದಾರಿ), ಆನ್ಸಿಬಲ್ (ಹಲವು ಸಾಧನಗಳನ್ನು ಒಟ್ಟಿಗೆ ಕಾನ್ಫಿಗರ್ ಮಾಡುವ ಉಪಕರಣ) ಏನು ಮಾಡುತ್ತವೆ ಅಂತ ತಿಳಿದಿರಬೇಕು. 2024ರ ಪರಿಷ್ಕರಣೆಯಲ್ಲಿ ಎಐ ಬಗ್ಗೆಯೂ ಸ್ವಲ್ಪ ಸೇರಿದೆ. ಒಂದು ವಾರದ ಓದಿಗೆ ಸಿಗುವ ಸುಲಭದ ಅಂಕ. ವೈರ್‌ಲೆಸ್ ಕೂಡ ಹಾಗೇ.

ಡಂಪ್ಸ್ ವಿಷಯ. ನಿಮ್ಮ ಗೆಳೆಯರು ಒಳ್ಳೆಯದಕ್ಕೇ ಹೇಳಿರಬಹುದು, ಆದರೂ ಬೇಡ. ಪರೀಕ್ಷೆ ಶುರುವಾಗುವ ಮುಂಚೆ ನೀವು ಒಪ್ಪಿಗೆ ಕೊಡುವ ಕರಾರಿಗೇ ಅದು ವಿರುದ್ಧ. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗಬಹುದು, ಮುಂದೆ ಬರೆಯಲು ಬಿಡದೆಯೂ ಇರಬಹುದು. ಅದರಲ್ಲಿರುವ ಉತ್ತರಗಳೂ ಎಷ್ಟೋ ಕಡೆ ತಪ್ಪು. ಇದೆಲ್ಲಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನಾನು ಕೆಲಸಕ್ಕೆ ಬರುವವರ ಇಂಟರ್‌ವ್ಯೂ ಮಾಡುತ್ತೇನೆ. ಮೇಲೆ ಹೇಳಿದ ಎರಡು ಪಿಸಿ, ಒಂದು ರೂಟರ್ ಚಿತ್ರ ಬರೆದು "ಪಿಂಗ್ ಮಾಡಿದರೆ ಏನಾಗುತ್ತದೆ, ಹೇಳಿ" ಅನ್ನುತ್ತೇನೆ. ಡಂಪ್ಸ್ ಓದಿ ಪಾಸಾದವರು ಎರಡನೇ ವಾಕ್ಯಕ್ಕೇ ನಿಲ್ಲುತ್ತಾರೆ. ಸರ್ಟಿಫಿಕೇಟ್ ಇಲ್ಲದೆಯೂ ಎಆರ್‌ಪಿಯಿಂದ ಶುರು ಮಾಡಿ ಕೊನೆವರೆಗೆ ಹೇಳಿದವರನ್ನು ನಾನು ಖುಷಿಯಿಂದ ತೆಗೆದುಕೊಂಡಿದ್ದೇನೆ. ಒಳ್ಳೆಯ ಮಾದರಿ ಪರೀಕ್ಷೆಗಳು ಬೇರೆ, ಅವು ಬೇಕು. ಅವನ್ನು ಬರೆದಾಗ ಅಂಕ ನೋಡಿ ಬೇಜಾರಾಗಿ ಮುಚ್ಚಬೇಡಿ. ತಪ್ಪಾದ ಪ್ರತಿ ಪ್ರಶ್ನೆಗೂ ಒಂದು ಸಾಲು ಬರೆಯಿರಿ: ವಿಷಯ ಗೊತ್ತಿರಲಿಲ್ಲವೋ, ಲೆಕ್ಕ ತಪ್ಪಿತೋ, ಪ್ರಶ್ನೆ ಸರಿಯಾಗಿ ಓದಲಿಲ್ಲವೋ. ಮೂರಕ್ಕೂ ಔಷಧ ಬೇರೆ. ಸರಿಯಾದ ಉತ್ತರ ಯಾಕೆ ಸರಿ ಅನ್ನುವುದರ ಜೊತೆಗೆ ಉಳಿದ ಮೂರು ಯಾಕೆ ತಪ್ಪು ಅಂತಲೂ ಹೇಳಲು ಬರಬೇಕು.

ಪರೀಕ್ಷೆಯ ದಿನಕ್ಕೆ ಬೇಕಾದ ಒಂದೆರಡು ಮಾತು. ಒಮ್ಮೆ ಮುಂದೆ ಹೋದರೆ ಹಿಂದಿನ ಪ್ರಶ್ನೆಗೆ ವಾಪಸ್ ಬರಲು ಆಗುವುದಿಲ್ಲ. ಆಮೇಲೆ ನೋಡೋಣ ಅಂತ ಗುರುತು ಹಾಕಿ ಬಿಡುವ ಅಭ್ಯಾಸ ಇದ್ದರೆ ಈಗಿಂದಲೇ ಬಿಡಿ, ಮಾದರಿ ಪರೀಕ್ಷೆಗಳನ್ನೂ ಹಾಗೇ ಬರೆಯಿರಿ. ಬರೀ ಆಯ್ಕೆ ಪ್ರಶ್ನೆಗಳಲ್ಲದೆ, ರೂಟರ್ ಅಥವಾ ಸ್ವಿಚ್ಚಿನಲ್ಲಿ ನಿಜವಾಗಿ ಕಾನ್ಫಿಗರ್ ಮಾಡುವ ಲ್ಯಾಬ್ ಪ್ರಶ್ನೆಗಳೂ ಇರುತ್ತವೆ. ಅವು ಸಮಯ ತಿನ್ನುತ್ತವೆ. ಹೇಳಿದ್ದನ್ನು ಮಾತ್ರ ಮಾಡಿ, ಮುಗಿದ ಮೇಲೆ ಕಾನ್ಫಿಗರೇಶನ್ ಸೇವ್ ಮಾಡಲು ಹೇಳಿದ್ದರೆ ಮರೆಯಬೇಡಿ. ಮನೆಯಿಂದ ಆನ್‌ಲೈನ್‌ನಲ್ಲಿ ಬರೆಯುವುದಾದರೆ ಹಾಳೆ, ಪೆನ್ನು ಬಳಸುವಂತಿಲ್ಲ, ತೆರೆಯ ಮೇಲಿನ ವೈಟ್‌ಬೋರ್ಡ್ ಮಾತ್ರ. ಮೌಸ್ ಹಿಡಿದು ಸಬ್‌ನೆಟ್ ಲೆಕ್ಕ ಬರೆಯುವುದು ಅಭ್ಯಾಸವಿಲ್ಲದವರಿಗೆ ಕಿರಿಕಿರಿ. ನೆಟ್ ಸಂಪರ್ಕ ಹೋದರೆ ಇನ್ನೊಂದು ತಲೆನೋವು. ಹತ್ತಿರದಲ್ಲಿ ಪರೀಕ್ಷಾ ಕೇಂದ್ರ ಇದ್ದರೆ ಅಲ್ಲೇ ಬರೆಯಿರಿ ಅಂತ ನನ್ನ ಸಲಹೆ. ಅಲ್ಲಿ ಬರೆದು ಅಳಿಸುವ ಹಲಗೆ ಕೊಡುತ್ತಾರೆ.

ಯಾವಾಗ ಬುಕ್ ಮಾಡಲಿ ಅಂದಿರಿ. ಮುಂದಿನ ಆರೇಳು ವಾರ, ದಿನಕ್ಕೆ ಒಂದೂವರೆ ಎರಡು ಗಂಟೆ ಹೀಗೆ ಮಾಡಿ. ಆಮೇಲೆ ಒಂದು ಭಾನುವಾರ ಖಾಲಿ ಪ್ಯಾಕೆಟ್ ಟ್ರೇಸರ್ ತೆರೆಯಿರಿ. ಮೂರು ರೂಟರ್, ಎರಡು ಸ್ವಿಚ್, ಮೂರು ವಿಎಲ್ಎಎನ್, ಓಎಸ್‌ಪಿಎಫ್, ಡಿಎಚ್‌ಸಿಪಿ, ಹೊರಗೆ ಹೋಗಲು ನ್ಯಾಟ್, ಒಂದು ಎಸಿಎಲ್. ವಿಳಾಸಗಳ ಯೋಜನೆಯೂ ನಿಮ್ಮದೇ. ಯಾವ ಟಿಪ್ಪಣಿಯನ್ನೂ ನೋಡದೆ ಎರಡು ಗಂಟೆಯೊಳಗೆ ನಿಂತರೆ, ಮತ್ತು ನೀವು ಹಿಂದೆ ನೋಡಿರದ ಮಾದರಿ ಪರೀಕ್ಷೆಗಳಲ್ಲಿ ನೂರಕ್ಕೆ ಎಂಬತ್ತು ದಾಟುತ್ತಿದ್ದರೆ, ಅವತ್ತೇ ಎರಡು ಮೂರು ವಾರ ಮುಂದಿನ ದಿನಾಂಕ ಬುಕ್ ಮಾಡಿ. ಪಾಸ್ ಅಂಕ ಎಷ್ಟು ಅಂತ ಸಿಸ್ಕೋ ಪ್ರಕಟಿಸುವುದಿಲ್ಲ. ಅದಕ್ಕೇ ಎಂಬತ್ತರ ಗುರಿ ಇಟ್ಟುಕೊಳ್ಳಿ ಅನ್ನುತ್ತಿದ್ದೇನೆ. ಲ್ಯಾಬ್ ನಿಲ್ಲದಿದ್ದರೆ ಎಲ್ಲಿ ಸಿಕ್ಕಿಕೊಂಡಿತು ಅಂತ ಬರೆದುಕೊಳ್ಳಿ. ಮುಂದಿನ ವಾರದ ಓದು ಅದೇ.

ಮೊದಲ ಸಲ ಆಗದಿದ್ದರೆ 5 ದಿನ ಬಿಟ್ಟು ಮತ್ತೆ ಬರೆಯಬಹುದು, ಶುಲ್ಕ ಮಾತ್ರ ಮತ್ತೆ ಪೂರ್ತಿ ಕಟ್ಟಬೇಕು. ಅಂಕಪಟ್ಟಿಯಲ್ಲಿ ಪ್ರತಿ ಭಾಗದಲ್ಲೂ ಶೇಕಡಾ ಎಷ್ಟು ಬಂತು ಅಂತ ಕೊಟ್ಟಿರುತ್ತಾರೆ. ಐದನೇ ದಿನಕ್ಕೇ ಓಡಬೇಡಿ. ಕಡಿಮೆ ಬಂದ ಎರಡು ಭಾಗದ ಲ್ಯಾಬುಗಳನ್ನು ಮೊದಲಿಂದ ಕಟ್ಟಿ, ಕೆಡಿಸಿ, ಸರಿಮಾಡಿ, ಆಮೇಲೆ ಹೋಗಿ. ನಡುವೆ ಯಾವುದಾದರೂ ಲ್ಯಾಬ್ ಬಿಡಿಸಲು ಆಗದಿದ್ದರೆ ಅದರ ಚಿತ್ರ, ನೀವು ಕೊಟ್ಟ ಕಾನ್ಫಿಗರೇಶನ್, ಮತ್ತು ಏನಾಗಬಹುದು ಅಂತ ನೀವು ಮೊದಲು ಬರೆದಿಟ್ಟ ಊಹೆ, ಮೂರನ್ನೂ ಕಳಿಸಿ. ಊಹೆ ಇದ್ದರೆ ಎಲ್ಲಿ ತಪ್ಪಿತು ಅಂತ ನಾನು ಬೇಗ ಹೇಳಬಹುದು.